ಆರೋಗ್ಯ ದಾಸೋಹ: ತುತ್ತು ಇಳಿಯದೆ ಎದೆಯಲ್ಲಿ ನಿಂತಾಗ



ಪಂಕ್ತಿಯಲ್ಲಿ ಕುಳಿತವರು ಎಲೆಯಲ್ಲಿ ಒಂದಗುಳನ್ನೂ ಬಿಡದೆ ಪ್ರಸಾದ ಸ್ವೀಕರಿಸಬೇಕೆಂಬುದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದಿರುವ ಮಾತು. ಈ ನಿಯಮವನ್ನು ಜೀವಮಾನವಿಡೀ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ ತಾಯಿಯೊಬ್ಬರು ಕ್ರಮೇಣ ಪಂಕ್ತಿಗೆ ಬರುವುದನ್ನೇ ಬಿಟ್ಟರು. ಮೊದಲು ಅಮಾವಾಸ್ಯೆಯ ದಿನ ಮಠದ ದಾಸೋಹಕ್ಕೆ ಬರಲಿಲ್ಲ. ಆಮೇಲೆ ಬೀಗರ ಮನೆಯ ಮದುವೆಗೆ ಹೋಗಲಿಲ್ಲ. ಕಡೆಗೆ ಸ್ವಂತ ಮನೆಯಲ್ಲಿಯೂ ಎಲ್ಲರ ಊಟ ಮುಗಿದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಉಣ್ಣತೊಡಗಿದರು. ಮಗನು ಇದು ಯಾವುದೋ ವ್ರತವೆಂದು ತಿಳಿದ. ನೆರೆಹೊರೆಯವರು ವೈರಾಗ್ಯವೆಂದರು. ನಿಜವನ್ನು ಕಂಡುಹಿಡಿದವಳು ಮನೆಯ ಸೊಸೆ.

"ಅತ್ತೀ, ತುತ್ತಿಗೊಮ್ಮೆ ನೀರು ಕುಡಿದು ಯಾಕ ಉಣ್ತೀರಿ?" ಎಂದು ಅವಳು ಕೇಳಿದಳಂತೆ.

"ಇಳಿಯಂಗಿಲ್ಲವ್ವಾ. ಎದಿಯಾಗ ನಿಂದರತೈತಿ. ನಾಕ ಮಂದಿ ಮುಂದ ಪ್ರಸಾದ ಹೊರಗ ಬಂದ್ರ ಏನ್ ಮಾಡ್ಲಿ ಅಂತ ಅಂಜಿಕಿ."

ಸೊಸೆ ಅವರನ್ನು ನನ್ನ ಬಳಿಗೆ ಕರೆತಂದಾಗ ಎರಡು ವರ್ಷಗಳಲ್ಲಿ 11 ಕಿಲೋ ತೂಕ ಕಳೆದುಕೊಂಡಿದ್ದರು. ಅಲ್ಲಿಯವರೆಗೆ 'ಗ್ಯಾಸು' ಎಂದು ಹೇಳಿ ಕೊಟ್ಟ ಗುಳಿಗೆಗಳ ಚೀಟಿಗಳು ಒಂದು ಚೀಲ ತುಂಬ ಇದ್ದವು. ರಾತ್ರಿ ಮಲಗಿದಾಗ ಕೆಮ್ಮು ಬರುತ್ತಿದ್ದುದರಿಂದ ಕ್ಷಯವಿರಬಹುದೆಂದು ಕಫದ ಪರೀಕ್ಷೆಯೂ ಆಗಿತ್ತು. ಆದರೆ 'ಊಟ ಹೇಗೆ ಇಳಿಯುತ್ತದೆ?' ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಾಯಿಯವರಾಗಿ ಹೇಳಿಕೊಂಡಿರಲೂ ಇಲ್ಲ. ಈ ಮೌನದ ಕಾರಣದಿಂದಲೇ ಈ ತಿಂಗಳು ಅನ್ನನಾಳದ ತೊಂದರೆಗಳನ್ನೂ, ಎಂಡೋಸ್ಕೋಪ್ ಎಂಬ ಅಂತರ್ದರ್ಶಕ ಯಂತ್ರದ ಮೂಲಕ ಅವುಗಳಿಗೆ ಇಂದು ದೊರೆಯುವ ಚಿಕಿತ್ಸೆಯನ್ನೂ ಕುರಿತು ಬರೆಯಲು ಮನಸ್ಸಾಯಿತು.

ನುಂಗುವುದೆಂದರೆ ನಾವು ತಿಳಿದಷ್ಟು ಸುಲಭವಾದ ಕ್ರಿಯೆಯಲ್ಲ. ಬಾಯಲ್ಲಿ ಅಗಿದು ಹದವಾದ ತುತ್ತನ್ನು ನಾಲಗೆ ಹಿಂದಕ್ಕೆ ತಳ್ಳುತ್ತದೆ. ಆ ಕ್ಷಣದಲ್ಲಿ ಉಸಿರಿನ ದಾರಿ ಮುಚ್ಚಿಕೊಂಡು ಅನ್ನದ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಶ್ವಾಸನಾಳದ ಹಿಂಬದಿಯಲ್ಲಿ, ಹೃದಯದ ಬೆನ್ನಿಗೆ ಹತ್ತಿಕೊಂಡು ಇಳಿದು, ವಪೆಯನ್ನು ದಾಟಿ ಜಠರವನ್ನು ಸೇರುತ್ತದೆ. ಈ ನಾಳವು ಬರಿಯ ಕೊಳವೆಯಲ್ಲ. ಅದರ ಗೋಡೆಯ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯಲೆಯಾಗಿ ಬಿಗಿಯುತ್ತ ತುತ್ತನ್ನು ಎಂಟು ಹತ್ತು ಸೆಕೆಂಡುಗಳಲ್ಲಿ ತಳಕ್ಕೆ ಮುಟ್ಟಿಸುತ್ತವೆ. ತಳದಲ್ಲಿ ಸದಾ ಬಿಗಿಯಾಗಿರುವ ಸ್ನಾಯುವಿನ ಬಾಗಿಲೊಂದುಂಟು. ತುತ್ತು ಬಂದಾಗ ಅದು ಸಡಿಲಗೊಂಡು ದಾರಿ ಬಿಟ್ಟು, ಜಠರದ ಆಮ್ಲ ಮೇಲೆ ಬಾರದಂತೆ ಪುನಃ ಮುಚ್ಚಿಕೊಳ್ಳುತ್ತದೆ.

ಆದುದರಿಂದ ನುಂಗಲಾರದ ತೊಂದರೆಯಲ್ಲಿ ಎರಡು ಬಗೆಗಳುಂಟು. ಗಂಟಲಿನಲ್ಲಿಯೇ ತೊಡಕಾದರೆ ನುಂಗಲು ಆರಂಭಿಸುವುದೇ ಕಷ್ಟ. ನೀರು ಕುಡಿದೊಡನೆ ಕೆಮ್ಮು ಬರುತ್ತದೆ, ಕೆಲವೊಮ್ಮೆ ಮೂಗಿನಿಂದ ಹೊರಬರುತ್ತದೆ. ಪಾರ್ಶ್ವವಾಯುವಾದವರಲ್ಲಿ ಸಾಮಾನ್ಯವಾಗಿ ಕಾಣುವುದು ಈ ಬಗೆ. ಇದರ ಚಿಕಿತ್ಸೆ ನರರೋಗದ ವೈದ್ಯರಿಗೂ ನುಂಗುವುದನ್ನು ಮರಳಿ ಕಲಿಸುವ ತಜ್ಞರಿಗೂ ಸೇರಿದ್ದು. ಎರಡನೆಯ ಬಗೆಯಲ್ಲಿ ತುತ್ತು ಗಂಟಲನ್ನು ದಾಟುತ್ತದೆ, ಆದರೆ ಕೆಲವು ಕ್ಷಣಗಳಲ್ಲಿ ಎದೆಯಲ್ಲಿ ನಿಂತ ಹಾಗಾಗುತ್ತದೆ. ಇದು ಅನ್ನನಾಳದ್ದು, ನಮ್ಮ ಇಂದಿನ ವಿಷಯವೂ ಇದೇ. ರೋಗಿಯು ಬೆರಳಿಟ್ಟು ತೋರಿಸುವ ಜಾಗವನ್ನೇ ನಂಬುವಂತಿಲ್ಲ. ತಡೆ ಕೆಳಗಿದ್ದರೂ ಅದು ಕುತ್ತಿಗೆಯಲ್ಲಿದ್ದಂತೆ ಭಾಸವಾಗುವುದುಂಟು.

ಮನೆಯವರು ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಯಾವ ಆಹಾರ ಯಾವ ಕ್ರಮದಲ್ಲಿ ತಪ್ಪಿಹೋಯಿತು ಎಂಬುದು. ಮೊದಲು ಖಡಕ್ ರೊಟ್ಟಿ ಬೇಡವಾಯಿತು, ಆಮೇಲೆ ಬಿಸಿ ರೊಟ್ಟಿಯೂ ಹಾಲಿನಲ್ಲಿ ನೆನೆಯದೆ ಇಳಿಯಲಿಲ್ಲ, ಮುಂದೆ ಅನ್ನ, ಅನಂತರ ನುಚ್ಚು, ಕಡೆಗೆ ಅಂಬಲಿ ಮಾತ್ರ ಎಂದಾದರೆ, ನಾಳದ ದಾರಿಯೇ ಕಿರಿದಾಗುತ್ತಿದೆ ಎಂದರ್ಥ. ಅನ್ನನಾಳದ ಒಳಗಣ ಅಗಲ ಸುಮಾರು 13 ಮಿಲಿಮೀಟರಿಗಿಂತ ಕಡಿಮೆಯಾದಾಗ ಗಟ್ಟಿ ಆಹಾರ ತಡೆಯುತ್ತದೆ. ಈ ಇಳಿಕೆ ಕೆಲವೇ ವಾರಗಳಲ್ಲಿ, ತಿಂಗಳುಗಳಲ್ಲಿ ನಡೆದರೆ ಅರ್ಬುದ ರೋಗದ, ಅಂದರೆ ಕ್ಯಾನ್ಸರಿನ ಸಂಶಯವನ್ನು ಮೊದಲು ಪರಿಹರಿಸಿಕೊಳ್ಳಬೇಕು. ವರ್ಷಗಟ್ಟಲೆ ಎದೆಯುರಿಯಿದ್ದು ನಿಧಾನವಾಗಿ ಹೀಗಾದರೆ ಆಮ್ಲದಿಂದಾದ ಕಲೆಗಟ್ಟಿದ ಇಕ್ಕಟ್ಟು ಇರಬಹುದು. ಇದಕ್ಕೆ ಬದಲಾಗಿ ರೊಟ್ಟಿಯೂ ನೀರೂ ಮೊದಲಿನಿಂದಲೂ ಒಟ್ಟೊಟ್ಟಿಗೆ ತಡೆಯುತ್ತಿದ್ದರೆ, ಒಂದು ದಿನ ಸಲೀಸಾಗಿ ಇಳಿದು ಮತ್ತೊಂದು ದಿನ ಮಜ್ಜಿಗೆಯೂ ನಿಲ್ಲುತ್ತಿದ್ದರೆ, ದಾರಿ ಕಿರಿದಾಗಿಲ್ಲ, ಸ್ನಾಯುಗಳ ಚಲನೆ ಕೆಟ್ಟಿದೆ ಎಂದು ಊಹಿಸಬಹುದು. ಸೊಸೆಯಾಗಲಿ ಮಗಳಾಗಲಿ ಈ ವಿವರವನ್ನು ಸರಿಯಾಗಿ ಹೇಳಬಲ್ಲರಾದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ನಮ್ಮ ಹಿರಿಯರು ಹಾಗೆ ಹೇಳದೆ 'ವಯಸ್ಸಾಯಿತು, ಹಲ್ಲಿಲ್ಲ, ಗಂಜಿ ಸಾಕು' ಎಂದುಬಿಡುತ್ತಾರೆ. ಮನೆಯವರೂ ಒಳ್ಳೆಯ ಮನಸ್ಸಿನಿಂದಲೇ ಗಂಜಿ ಕಾಯಿಸಿಕೊಟ್ಟು ಸುಮ್ಮನಾಗುತ್ತಾರೆ. ಆ ಗಂಜಿಯ ಸೇವೆಯಲ್ಲಿ ಆರು ತಿಂಗಳು ಕಳೆದುಹೋದ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನು ಯಂತ್ರದ ವಿಷಯ. ಜೀವಂತ ಮನುಷ್ಯನ ಜಠರವನ್ನು ಇಣುಕಿ ನೋಡುವ ಆಸೆ ವೈದ್ಯರಿಗೆ ಹಳೆಯದು. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನು ಕತ್ತಿಯನ್ನು ನುಂಗುವ ಆಟದವನೊಬ್ಬನನ್ನು ಕರೆಸಿ, ಅವನ ಬಾಯಿಂದ ನೆಟ್ಟಗಿನ ಲೋಹದ ಕೊಳವೆಯನ್ನು ಇಳಿಸಿ ನೋಡಿದನು. ಒಳಗೆ ಸಾಕಷ್ಟು ಬೆಳಕಿಲ್ಲದೆ ಹೆಚ್ಚೇನೂ ಕಾಣಲಿಲ್ಲ. ಬಾಗುವ ಕೊಳವೆಯಲ್ಲಿ ಬೆಳಕನ್ನು ಒಯ್ಯುವ ಉಪಾಯ ಹೊಳೆಯಲು ಇಪ್ಪತ್ತನೆಯ ಶತಮಾನದ ನಡುಭಾಗ ಬರಬೇಕಾಯಿತು. ಇದರಲ್ಲಿ ನಮ್ಮ ದೇಶದವರೊಬ್ಬರ ಪಾಲು ದೊಡ್ಡದು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಂದಿಗೆ ಸೇರಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. 2020ರಲ್ಲಿ ತೀರಿಕೊಂಡ ಕಪಾನಿಯವರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ಆ ತತ್ತ್ವವನ್ನು ಹಿಡಿದು ಬೇಸಿಲ್ ಹಿರ್ಶೊವಿಟ್ಜ್ ಎಂಬ ವೈದ್ಯರು ಅಮೆರಿಕದಲ್ಲಿ ಬಾಗುವ ಅಂತರ್ದರ್ಶಕವನ್ನು ಸಿದ್ಧಪಡಿಸಿ, 1957ರಲ್ಲಿ ಮೊದಲು ತಾವೇ ನುಂಗಿ ಪರೀಕ್ಷಿಸಿಕೊಂಡರು. ಇಂದಿನ ಯಂತ್ರದ ತುದಿಯಲ್ಲಿ ಪುಟ್ಟ ಕ್ಯಾಮರಾ ಇದೆ. ಚಿತ್ರ ಟೀವಿಯ ಪರದೆಯ ಮೇಲೆ ಮೂಡುತ್ತದೆ. ಕೊಳವೆಯ ದಪ್ಪ ಸುಮಾರು ಒಂದು ಸೆಂಟಿಮೀಟರ್, ಅಂದರೆ ನಮ್ಮ ಕಿರುಬೆರಳಿಗಿಂತ ಹೆಚ್ಚಲ್ಲ. ಅದರ ಒಡಲಿನಲ್ಲಿ ಇನ್ನೊಂದು ಸಣ್ಣ ದಾರಿಯಿದ್ದು, ಅಲ್ಲಿಂದ ಚಿಮುಟ, ಸೂಜಿ, ಬಲೂನು, ಸಣ್ಣ ವಿದ್ಯುತ್ ಚಾಕು ಮುಂತಾದುವನ್ನು ಒಳಗೆ ಕಳಿಸಬಹುದು. ನೋಡುವುದಕ್ಕೆಂದು ಹುಟ್ಟಿದ ಯಂತ್ರವು ಚಿಕಿತ್ಸೆಯ ಯಂತ್ರವೂ ಆದುದು ಈ ಕಿರುದಾರಿಯಿಂದಲೇ.

'ಹಾವಿನಂಥ ಪೈಪನ್ನು ಗಂಟಲಲ್ಲಿ ತುರುಕುತ್ತಾರಂತೆ, ಉಸಿರು ಕಟ್ಟುತ್ತದಂತೆ' ಎಂಬ ಭೀತಿ ನಮ್ಮಲ್ಲಿ ಬಹಳ. ಕೊಳವೆ ಹೋಗುವುದು ಅನ್ನದ ದಾರಿಯಲ್ಲಿಯೇ ಹೊರತು ಉಸಿರಿನ ದಾರಿಯಲ್ಲಿ ಅಲ್ಲ. ಪರೀಕ್ಷೆಯುದ್ದಕ್ಕೂ ರೋಗಿ ಉಸಿರಾಡುತ್ತಲೇ ಇರುತ್ತಾರೆ. ಗಂಟಲಿಗೆ ಮರಗಟ್ಟಿಸುವ ಔಷಧವನ್ನು ಸಿಂಪಡಿಸಿ, ಎಡ ಮಗ್ಗುಲಾಗಿ ಮಲಗಿಸಿ, ಹಲ್ಲುಗಳ ನಡುವೆ ಒಂದು ಪ್ಲಾಸ್ಟಿಕ್ ಬಳೆಯನ್ನು ಕಚ್ಚಲು ಕೊಡುತ್ತಾರೆ. ಬೇಕೆಂದವರಿಗೆ ಮಂಪರಿನ ಚುಚ್ಚುಮದ್ದೂ ಉಂಟು. ಬರಿಯ ಪರೀಕ್ಷೆಯಾದರೆ ಐದು ಹತ್ತು ನಿಮಿಷದ ಕೆಲಸ. ಓಕರಿಕೆ ಬಂದಂತಾಗುವುದು ನಿಜ, ನೋವೇನೂ ಇಲ್ಲ. ಮರಗಟ್ಟು ಬಿಡುವವರೆಗೆ ಅರ್ಧ ಮುಕ್ಕಾಲು ಗಂಟೆ ನೀರು ಕುಡಿಯಬಾರದು. ಸಕ್ಕರೆ ಕಾಯಿಲೆಯ ಔಷಧ, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು. ಕಟ್ಟಿಸಿದ ಹಲ್ಲನ್ನು ತೆಗೆದಿಡಬೇಕು.

ಇಲ್ಲಿ ನಮ್ಮ ಸದ್ಭಕ್ತರು ಪದೇ ಪದೇ ಕೇಳುವ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದೆ. ಬೆಳಗಿನ ಲಿಂಗಪೂಜೆಯ ಬಳಿಕ ಪಾದೋದಕ ಸ್ವೀಕರಿಸದೆ ಮನೆ ಬಿಡಲೊಲ್ಲದ ಹಿರಿಯರಿದ್ದಾರೆ. ಪರೀಕ್ಷೆಗೆ ಮುನ್ನ ಆರರಿಂದ ಎಂಟು ಗಂಟೆ ಹೊಟ್ಟೆಯಲ್ಲಿ ಆಹಾರವಿರಬಾರದೆಂಬುದು ನಿಯಮ. ಆದರೆ ತಿಳಿನೀರು ಜಠರದಿಂದ ಬೇಗ ಇಳಿಯುವುದರಿಂದ, ಎರಡು ಗಂಟೆ ಮುಂಚಿತವಾಗಿ ಒಂದು ಉದ್ಧರಣೆಯಷ್ಟು ಬರಿಯ ನೀರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಾಲು, ಜೇನು, ಪಂಚಾಮೃತ ಆಗದು. ನೀರೇ ಎದೆಯಲ್ಲಿ ನಿಲ್ಲುವ ರೋಗಿಗಳು ಮಾತ್ರ ವೈದ್ಯರನ್ನು ಕೇಳದೆ ಒಂದು ಹನಿಯನ್ನೂ ತೆಗೆದುಕೊಳ್ಳಕೂಡದು. ಅವರ ಅನ್ನನಾಳದಲ್ಲಿ ನಿನ್ನೆಯ ಊಟವೂ ಉಳಿದಿರಬಹುದು; ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಅಂಥವರಿಗೆ ಒಂದೆರಡು ದಿನ ಮೊದಲಿನಿಂದಲೇ ತಿಳಿಯಾದ ದ್ರವಾಹಾರ ಹೇಳಿರುತ್ತಾರೆ.

ಎರಡನೆಯದು ಇಷ್ಟಲಿಂಗದ ವಿಷಯ. ಅದನ್ನು ಅಂಗದಿಂದ ಅಗಲಿಸಲು ಒಪ್ಪದೆ ಪರೀಕ್ಷೆಯನ್ನೇ ನಿರಾಕರಿಸಿ ಎದ್ದುಹೋದ ಅಜ್ಜ ಅಜ್ಜಿಯರನ್ನು ನಾನು ನೋಡಿದ್ದೇನೆ. ನೋಡುವ ಪರೀಕ್ಷೆಗೆ ಲಿಂಗವನ್ನು ತೆಗೆಯುವ ಅಗತ್ಯವೇ ಇಲ್ಲ; ಹೊರಗಿನ ಉಡುಪಿನಂತೆ ಅದೂ ಇರಲಿ. ಎದೆಯ ಎಕ್ಸ್‌ರೇ ಬೇಕಾದಾಗ ಬೆಳ್ಳಿಯ ಕರಡಿಗೆಯ ನೆರಳು ಚಿತ್ರದ ಮೇಲೆ ಬೀಳುತ್ತದೆ. ವಿದ್ಯುತ್ ಚಾಕು ಬಳಸುವ ಚಿಕಿತ್ಸೆಯಲ್ಲಿ ಮೈಮೇಲೆ ಲೋಹವಿರಬಾರದು, ಸುಟ್ಟ ಗಾಯವಾಗುವ ಭಯವಿದೆ. ಹೀಗಿರುವಾಗ ಕರಡಿಗೆಯನ್ನು ಮನೆಯವರ ಕೈಗೆ ಕೊಟ್ಟು, ಲಿಂಗವನ್ನು ಪಾವುಡದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲು ಅನುಮತಿ ಕೇಳಬಹುದು. ಹಿಂದಿನ ದಿನವೇ ವಿನಯದಿಂದ ವಿವರಿಸಿದರೆ ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ಪರೀಕ್ಷೆಯ ಮಂಚದ ಮೇಲೆ ಕುಳಿತು ವಾದಕ್ಕಿಳಿಯುವುದು ಯಾರಿಗೂ ಹಿತವಲ್ಲ.

ಒಳಗೆ ಇಕ್ಕಟ್ಟು ಕಂಡರೆ ಮೊದಲು ಅಕ್ಕಿಕಾಳಿನಷ್ಟು ತುಣುಕುಗಳನ್ನು ಚಿಮುಟದಿಂದ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. 'ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅರ್ಬುದವಲ್ಲದ ಇಕ್ಕಟ್ಟಾದರೆ ಅದನ್ನು ಹಿಗ್ಗಿಸುವುದೇ ಚಿಕಿತ್ಸೆ. ತೆಳುವಾದ ತಂತಿಯೊಂದನ್ನು ಇಕ್ಕಟ್ಟಿನಾಚೆಗೆ ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ, ತುದಿ ಚೂಪಾದ ಮೆತ್ತನೆಯ ಕೊಳವೆಗಳನ್ನು ಇಳಿಸುತ್ತಾರೆ. ಇಲ್ಲವೆ ಆ ಜಾಗದಲ್ಲಿ ಬಲೂನನ್ನಿಟ್ಟು ಉಬ್ಬಿಸುತ್ತಾರೆ. ಒಂದೇ ದಿನ ಅವಸರದಿಂದ ಪೂರ್ತಿ ಹಿಗ್ಗಿಸಿದರೆ ನಾಳ ಹರಿಯಬಹುದು. ಆದುದರಿಂದ ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಅಗಲಿಸುತ್ತ ಹೋಗುತ್ತಾರೆ. ಎರಡು ಸಲದಲ್ಲಿ ಹಸಿವು ತೀರುವಷ್ಟು ಇಳಿಯತೊಡಗಿತೆಂದು ಮೂರನೆಯ ಸಲಕ್ಕೆ ಬಾರದವರೇ ಮತ್ತೆ ಇಕ್ಕಟ್ಟು ಮಾಡಿಕೊಂಡು ಬರುವವರು. ಆಮ್ಲದಿಂದಾದ ಇಕ್ಕಟ್ಟಿನಲ್ಲಿ ಆಮ್ಲವನ್ನು ತಗ್ಗಿಸುವ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ಕಾಲ ಬಿಡದೆ ನುಂಗಬೇಕು.

ಇದೇ ಇಕ್ಕಟ್ಟು ಚಿಕ್ಕ ಮಕ್ಕಳಲ್ಲಿ ಕಂಡರೆ ಕಾರಣವನ್ನು ಮನೆಯೊಳಗೇ ಹುಡುಕಬೇಕು. ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನು ಹಳೆಯ ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ದುರಭ್ಯಾಸ ಇನ್ನೂ ಹೋಗಿಲ್ಲ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಏಕೆಂದರೆ ಇಳಿಯುವಾಗ ಸುಟ್ಟುದು ಏರುವಾಗಲೂ ಸುಡುತ್ತದೆ. ಉಪ್ಪುನೀರು, ನಿಂಬೆರಸ, ಸೋಡಾ ಯಾವುದನ್ನೂ ಕುಡಿಸದೆ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಧಾವಿಸಬೇಕು. ಮೊದಲ ವಾರದ ನೋವು ಇಳಿದು ಮಗು ಆಡತೊಡಗಿದಾಗ ಎಲ್ಲವೂ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ಆದರೆ ಗಾಯ ಮಾಯುತ್ತ ಕಲೆಗಟ್ಟಿ ನಾಳವನ್ನು ಬಿಗಿಯುವುದು ಮೂರು ವಾರಗಳ ಅನಂತರವೇ. ಆಗ ಆರಂಭವಾಗುವ ಹಿಗ್ಗಿಸುವ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ನಮ್ಮ ಹೆಣ್ಣುಮಕ್ಕಳಲ್ಲಿ ಕಾಣುವ ಇನ್ನೊಂದು ತೊಂದರೆಯನ್ನು ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆಯಾದವರಲ್ಲಿ, ಅನ್ನನಾಳದ ಮೇಲ್ತುದಿಯಲ್ಲಿ ಜೇಡನ ಬಲೆಯಷ್ಟು ತೆಳುವಾದ ಪೊರೆಯೊಂದು ಅಡ್ಡಲಾಗಿ ಬೆಳೆಯುತ್ತದೆ. ಮುಖ ಬಿಳಿಚಿರುತ್ತದೆ, ನಾಲಗೆ ನುಣುಪಾಗಿ ಉರಿಯುತ್ತದೆ, ಉಗುರು ಚಮಚದಂತೆ ಗುಳಿಬೀಳುತ್ತದೆ, ರೊಟ್ಟಿ ಗಂಟಲಿನಿಂದ ಸ್ವಲ್ಪ ಕೆಳಗೆ ಸಿಕ್ಕಿಕೊಳ್ಳುತ್ತದೆ. 1919ರಲ್ಲಿ ಬ್ರಿಟನ್ನಿನ ಪ್ಯಾಟರ್ಸನ್ ಮತ್ತು ಕೆಲ್ಲಿ ಎಂಬ ವೈದ್ಯರು ಇದನ್ನು ಬೇರೆಬೇರೆಯಾಗಿ ವಿವರಿಸಿದ್ದರಿಂದ ಅವರ ಹೆಸರು ಈ ರೋಗಕ್ಕೆ ಅಂಟಿಕೊಂಡಿದೆ. ಪಾಶ್ಚಾತ್ಯ ದೇಶಗಳಲ್ಲಿ ಈಗ ಅಪರೂಪವಾದ ಇದು ನಮ್ಮ ನಡುವೆ ಇನ್ನೂ ಇರುವುದೆಂದರೆ ಅದು ನಮ್ಮ ಅಡಿಗೆಮನೆಗಳ ಮೇಲಿನ ದೂರೇ ಸರಿ: ಎಲ್ಲರಿಗೂ ಬಡಿಸಿ ಕಡೆಗೆ ಉಳಿದುದನ್ನು ಉಣ್ಣುವ ಪದ್ಧತಿಯನ್ನು ತ್ಯಾಗವೆಂದು ಹೊಗಳಿಕೊಂಡು ಬಂದಿದ್ದೇವೆ. ಈ ಪೊರೆಯ ಚಿಕಿತ್ಸೆ ಎಷ್ಟು ಸುಲಭವೆಂದರೆ, ಅಂತರ್ದರ್ಶಕದ ತುದಿ ತಾಗಿದಾಗಲೇ ಅದು ಹರಿದುಹೋಗುವುದುಂಟು. ಇಲ್ಲವಾದರೆ ಒಂದೆರಡು ಸಲ ಹಿಗ್ಗಿಸಿದರೆ ಸಾಕು. ಜೊತೆಗೆ ಕಬ್ಬಿಣದ ಗುಳಿಗೆ, ರಕ್ತ ಕಡಿಮೆಯಾದುದೇಕೆಂಬ ಶೋಧನೆ, ಆಗಾಗ ಮರುಪರೀಕ್ಷೆ ಬೇಕು. ಹಾಗೇ ಬಿಟ್ಟವರಲ್ಲಿ ಮುಂದೆ ಆ ಜಾಗದಲ್ಲಿ ಅರ್ಬುದ ಹುಟ್ಟುವ ಸಂಭವ ಇತರರಿಗಿಂತ ಹೆಚ್ಚು.

ಈಗ ಆರಂಭದಲ್ಲಿ ಹೇಳಿದ ತಾಯಿಯವರ ರೋಗಕ್ಕೆ ಬರೋಣ. ಅವರಿಗೆ ಇದ್ದುದು 'ಅಕಲೇಸಿಯಾ'. ಸಡಿಲಗೊಳ್ಳದಿರುವಿಕೆ ಎಂಬುದು ಆ ಪದದ ಅರ್ಥ. ಅನ್ನನಾಳದ ಗೋಡೆಯಲ್ಲಿರುವ ನರಕೋಶಗಳು ಕ್ರಮೇಣ ನಶಿಸಿ, ಮೇಲಿನ ಅಲೆಯ ಚಲನೆ ನಿಲ್ಲುತ್ತದೆ, ತಳದ ಬಾಗಿಲು ತೆರೆಯುವುದನ್ನು ಮರೆಯುತ್ತದೆ. ನರಕೋಶಗಳೇಕೆ ಸಾಯುತ್ತವೆಂಬುದು ಇನ್ನೂ ಸ್ಪಷ್ಟವಾಗಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ವಿರಳ ರೋಗವಿದು. ವಿರಳವಾದುದರಿಂದಲೇ ಗ್ಯಾಸು, ಅಲ್ಸರು, ಮನೋರೋಗ ಎಂದೆಲ್ಲ ಹೆಸರಿಟ್ಟುಕೊಂಡು ವರ್ಷಗಳು ಕಳೆಯುತ್ತವೆ. ಉಂಡದ್ದು ನಾಳದಲ್ಲಿಯೇ ತುಂಬಿಕೊಂಡಿದ್ದು ರಾತ್ರಿ ಮಲಗಿದಾಗ ಗಂಟಲಿಗೆ ಬರುತ್ತದೆ. ತಲೆದಿಂಬು ಒದ್ದೆಯಾಗುತ್ತದೆ, ಕೆಮ್ಮು ಬರುತ್ತದೆ. ತಾಯಿಯವರ 'ಕ್ಷಯ'ದ ಗುಟ್ಟು ಇದೇ. ಇಲ್ಲಿ ಒಂದು ಸೂಕ್ಷ್ಮವುಂಟು: ಆರಂಭದ ಹಂತದಲ್ಲಿ ಅಂತರ್ದರ್ಶಕಕ್ಕೆ ಎಲ್ಲವೂ ಸರಿಯಾಗಿದ್ದಂತೆ ಕಾಣಬಹುದು. 'ಎಂಡೋಸ್ಕೋಪಿ ನಾರ್ಮಲ್' ಎಂಬ ವರದಿ ಬಂದ ಮೇಲೂ ತುತ್ತು ಇಳಿಯದಿದ್ದರೆ ಅಲ್ಲಿಗೇ ನಿಲ್ಲಬಾರದು. ಬೇರಿಯಂ ಎಂಬ ಬಿಳಿಯ ದ್ರವವನ್ನು ಕುಡಿಸಿ ಎಕ್ಸ್‌ರೇ ತೆಗೆದರೆ, ಮೇಲೆ ಹಿಗ್ಗಿ ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾದ ಆಕಾರ ಕಾಣುತ್ತದೆ. ಮ್ಯಾನೊಮೆಟ್ರಿ ಎಂಬ ಒತ್ತಡದ ಪರೀಕ್ಷೆ ರೋಗವನ್ನು ನಿಶ್ಚಯಪಡಿಸಿ, ಅದು ಮೂರು ಬಗೆಗಳಲ್ಲಿ ಯಾವುದೆಂದೂ ತಿಳಿಸುತ್ತದೆ.

ಈ ರೋಗಕ್ಕೆ ಮನುಷ್ಯನು ಹುಡುಕಿದ ಉಪಾಯಗಳ ಕಥೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು, ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ರೋಗಿಯೊಬ್ಬನಿಗೆ ಕೊಟ್ಟು, ಉಂಡ ಮೇಲೆ ಅದರಿಂದ ಆಹಾರವನ್ನು ತಾನೇ ಒಳಕ್ಕೆ ನೂಕಿಕೊಳ್ಳುವುದನ್ನು ಕಲಿಸಿದ ವಿವರವನ್ನು 1674ರಲ್ಲಿ ಬರೆದಿಟ್ಟಿದ್ದಾನೆ. ಆ ರೋಗಿ ಹಾಗೆಯೇ ವರ್ಷಗಟ್ಟಲೆ ಬದುಕಿದನಂತೆ! 1913ರಲ್ಲಿ ಜರ್ಮನಿಯ ಎರ್ನ್ಸ್ಟ್ ಹೆಲ್ಲರ್ ಶಸ್ತ್ರಕ್ರಿಯೆಯಿಂದ ಆ ಬಿಗಿಸ್ನಾಯುವನ್ನು ಸೀಳಿದರು. ಇಂದು ಅದನ್ನೇ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ. ಅಂತರ್ದರ್ಶಕದ ಮೂಲಕ ಮೂರು ಮಾರ್ಗಗಳುಂಟು. ಮೊದಲನೆಯದು ಬೊಟುಲಿನಂ ಔಷಧವನ್ನು ಚುಚ್ಚಿ ಸ್ನಾಯುವನ್ನು ಸಡಿಲಿಸುವುದು. ಇದರ ಗುಣ ಕೆಲವು ತಿಂಗಳು ಮಾತ್ರ; ತೀರ ವಯಸ್ಸಾದವರಿಗೆ, ಹೃದಯದ ತೊಂದರೆಯುಳ್ಳವರಿಗೆ ಸರಿ. ಎರಡನೆಯದು 30 ಅಥವಾ 35 ಮಿಲಿಮೀಟರ್ ಅಗಲದ ಗಟ್ಟಿ ಬಲೂನನ್ನು ಬಾಗಿಲಲ್ಲಿಟ್ಟು ಗಾಳಿ ತುಂಬಿ, ಸ್ನಾಯುವಿನ ಎಳೆಗಳು ಹರಿಯುವಂತೆ ಮಾಡುವುದು. ಬಹುಕಾಲದಿಂದ ನಡೆದುಬಂದ ಈ ಚಿಕಿತ್ಸೆಯಿಂದ ಅನೇಕರು ಗುಣ ಹೊಂದಿದ್ದಾರೆ, ಆದರೆ ಮತ್ತೆ ಮಾಡಿಸಬೇಕಾಗಿ ಬರುವುದುಂಟು.

ಮೂರನೆಯದು ಹೊಸದು. ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೋಯೆ ಎಂಬ ವೈದ್ಯರು 2008ರಲ್ಲಿ ರೋಗಿಯ ಮೇಲೆ ಮೊದಲ ಬಾರಿಗೆ ಮಾಡಿದ ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಪೋಯೆಮ್', ಅಂದರೆ ಕವಿತೆ, ಎಂದಾಗುತ್ತದೆ. ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಅನ್ನನಾಳದ ಒಳಪದರದಲ್ಲಿ ಸಣ್ಣ ಗೀರು ಮಾಡಿ, ಆ ಪದರಕ್ಕೂ ಸ್ನಾಯುವಿಗೂ ನಡುವೆ ಅಂತರ್ದರ್ಶಕವನ್ನು ನುಗ್ಗಿಸಿ ಜಠರದವರೆಗೆ ಸುರಂಗ ತೆಗೆಯುತ್ತಾರೆ. ಕೌದಿಯ ಎರಡು ಪದರಗಳ ನಡುವೆ ಕೈ ತೂರಿಸಿದಂತೆ ಎಂದು ಊಹಿಸಿಕೊಳ್ಳಿರಿ. ಸುರಂಗದೊಳಗಿನಿಂದಲೇ ವಿದ್ಯುತ್ ಚಾಕುವಿನಿಂದ ಬಿಗಿಸ್ನಾಯುವನ್ನು ಉದ್ದಕ್ಕೆ ಸೀಳಿ, ಹೊರಬಂದು, ಮೊದಲಿನ ಗೀರನ್ನು ಪುಟ್ಟ ಕ್ಲಿಪ್ಪುಗಳಿಂದ ಮುಚ್ಚುತ್ತಾರೆ. ಹೊಟ್ಟೆಯ ಮೇಲಾಗಲಿ ಎದೆಯ ಮೇಲಾಗಲಿ ಒಂದು ಗಾಯವೂ ಇಲ್ಲ. 2019ರಲ್ಲಿ ಪ್ರಕಟವಾದ, 133 ರೋಗಿಗಳ ಒಂದು ಹೋಲಿಕೆಯಲ್ಲಿ, ಎರಡು ವರ್ಷಗಳ ಅನಂತರ ಸುರಂಗದ ಚಿಕಿತ್ಸೆಯವರಲ್ಲಿ ನೂರಕ್ಕೆ 92 ಮಂದಿ, ಬಲೂನಿನವರಲ್ಲಿ ನೂರಕ್ಕೆ 54 ಮಂದಿ ಚೆನ್ನಾಗಿದ್ದರು. ಅದೇ ಅಧ್ಯಯನದ ಇನ್ನೊಂದು ಮುಖವನ್ನು ಮರೆಮಾಚಬಾರದು: ಆಮ್ಲ ಮೇಲೆ ಬಂದು ಅನ್ನನಾಳ ಉರಿಯೂತಗೊಂಡುದು ಸುರಂಗದವರಲ್ಲಿ ನೂರಕ್ಕೆ 41, ಬಲೂನಿನವರಲ್ಲಿ ನೂರಕ್ಕೆ 7. ಬಾಗಿಲನ್ನು ಪೂರ್ತಿ ತೆರೆದರೆ ಒಳಗಿದ್ದುದೂ ಹೊರಬರುತ್ತದೆಯಷ್ಟೆ. ಆದುದರಿಂದ ಚಿಕಿತ್ಸೆಯ ಬಳಿಕವೂ ಗುಳಿಗೆ ಮತ್ತು ತಪಾಸಣೆ ತಪ್ಪವು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಂಥ ಕೇಂದ್ರಗಳಲ್ಲಿ ಇದು ದೊಡ್ಡ ಸಂಖ್ಯೆಯಲ್ಲಿ ನಡೆದಿದೆ, ಬೆಂಗಳೂರಿನಲ್ಲಿಯೂ ಮಾಡುವವರಿದ್ದಾರೆ.

ನಮ್ಮ ತಾಯಿಯವರಿಗೂ ಇದೇ ಆಯಿತು. ಮೂರನೆಯ ದಿನ ಬೇಳೆಕಟ್ಟು ಕುಡಿದರು, ಎರಡು ವಾರಕ್ಕೆ ಮೆತ್ತನೆಯ ಅನ್ನ ಉಂಡರು. ಒಂದು ಮಾತನ್ನು ಅವರಿಗೆ ಸ್ಪಷ್ಟವಾಗಿ ಹೇಳಿದ್ದೆವು: ಸತ್ತ ನರಕೋಶಗಳು ಮರಳುವುದಿಲ್ಲ, ತೆರೆದದ್ದು ಬಾಗಿಲು ಮಾತ್ರ. ಅಲೆಯ ಚಲನೆ ಇಲ್ಲದುದರಿಂದ ಆಹಾರ ತನ್ನ ಭಾರದಿಂದಲೇ ಇಳಿಯಬೇಕು. ನೆಟ್ಟಗೆ ಕುಳಿತು, ನಿಧಾನವಾಗಿ ಅಗಿದು, ನಡುನಡುವೆ ಬೆಚ್ಚಗಿನ ನೀರು ಕುಡಿಯುತ್ತ ಉಣ್ಣಬೇಕು. ಉಂಡ ಮೇಲೆ ಮೂರು ಗಂಟೆ ಮಲಗಬಾರದು. ಮಂಚದ ತಲೆಯ ಕಡೆಗೆ ಇಟ್ಟಿಗೆಯಿಟ್ಟು ಎತ್ತರಿಸಬೇಕು. ಅವರ ಅಂಜಿಕೆಯ ವಿಷಯ ಮಠದ ಹಿರಿಯ ಸ್ವಾಮಿಗಳಿಗೆ ತಿಳಿದಾಗ, ಅಪಚಾರದ ಮಾತನ್ನೇ ಎತ್ತದೆ, ದಾಸೋಹದಲ್ಲಿ ಅವರಿಗೆ ಮೆತ್ತನೆಯ ಗೋಧಿ ಹುಗ್ಗಿಯನ್ನು ಬೇಡಿದಷ್ಟೇ ಬಟ್ಟಲಿನಲ್ಲಿ ನೀಡಬೇಕೆಂದು ಹೇಳಿ ಕಳಿಸಿದರು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಅನ್ನನಾಳದ ಅರ್ಬುದ ರೋಗದಲ್ಲಿ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚುವವರೆಗೆ ತೊಂದರೆಯೇ ತಿಳಿಯದಿರುವುದು ಅದರ ಕ್ರೌರ್ಯ. ತಂಬಾಕು, ಬೀಡಿ, ಅಡಿಕೆ, ಮದ್ಯ ಇವು ಮುಖ್ಯ ಕಾರಣಗಳು. ಎಲೆ ಅಡಿಕೆಯೊಂದಿಗೆ ತಂಬಾಕಿನ ಎಸಳನ್ನು ಒತ್ತಿಕೊಳ್ಳುವುದನ್ನು ಚಟವೆಂದೇ ಎಣಿಸದ ಹಿರಿಯರು ನಮ್ಮಲ್ಲಿ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಇದ್ದಾರೆ. ಒಳಪದರದಲ್ಲಿ ಮಾತ್ರ ಇರುವ ಮೊಳಕೆಯ ಹಂತದಲ್ಲಿ ಸಿಕ್ಕರೆ ಅಂತರ್ದರ್ಶಕದಿಂದಲೇ ಅದನ್ನು ಕೆತ್ತಿ ತೆಗೆಯಬಹುದು. ಮುಂದುವರಿದುದಕ್ಕೆ ಶಸ್ತ್ರಕ್ರಿಯೆ, ವಿಕಿರಣ, ಔಷಧ ಚಿಕಿತ್ಸೆ ಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದಕ್ಕಾಗಿಯೇ ಇವೆ. ಎಲ್ಲವೂ ಕೈಮೀರಿದಾಗಲೂ ಅಂತರ್ದರ್ಶಕ ಕೈಬಿಡುವುದಿಲ್ಲ. ಮಡಿಸಿಟ್ಟ ಲೋಹದ ಬಲೆಯ ಕೊಳವೆಯೊಂದನ್ನು ಇಕ್ಕಟ್ಟಿನಲ್ಲಿಟ್ಟು ಬಿಟ್ಟರೆ ಅದು ತಾನಾಗಿ ಅರಳಿ ದಾರಿ ಬಿಡಿಸುತ್ತದೆ. ಸ್ಟೆಂಟ್ ಎಂಬ ಇದು ರೋಗವನ್ನು ಗುಣಪಡಿಸದು, ಆಯುಷ್ಯವನ್ನು ಬೆಳೆಸದು. ಆದರೆ ತನ್ನ ಉಗುಳನ್ನೂ ನುಂಗಲಾರದೆ ಬಟ್ಟಲು ಹಿಡಿದು ಕುಳಿತಿದ್ದವರು ಒಂದೆರಡು ದಿನಗಳಲ್ಲಿ ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ನುಚ್ಚು ಮಜ್ಜಿಗೆ ಉಣ್ಣುತ್ತಾರೆ. ಕಡೆಯ ತಿಂಗಳುಗಳಲ್ಲಿ ಅದು ಅಲ್ಪವೆಂದು ನನಗೆ ಎಂದೂ ಅನ್ನಿಸಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಒಣರೊಟ್ಟಿ, ಸೊಪ್ಪಿನ ದಂಟು, ಕಿತ್ತಳೆಯ ತೊಳೆ, ಕೊಬ್ಬರಿ ಚೂರು ತಿನ್ನಬಾರದು. ಅವು ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ.

ಹಿಗ್ಗಿಸುವ, ಸೀಳುವ ಚಿಕಿತ್ಸೆಗಳಲ್ಲಿ ನಾಳ ತೂತಾಗುವ ಅಪಾಯ ಕಡಿಮೆಯಾದರೂ ಇದ್ದೇ ಇದೆ. ಮನೆಗೆ ಬಂದ ಮೇಲೆ ಎದೆಯಲ್ಲಾಗಲಿ ಬೆನ್ನಿನಲ್ಲಾಗಲಿ ತೀವ್ರ ನೋವು, ಜ್ವರ, ಏದುಸಿರು, ಕುತ್ತಿಗೆಯ ಚರ್ಮ ಊದಿ ಒತ್ತಿದರೆ ಚರಚರ ಎನ್ನುವುದು, ರಕ್ತವಾಂತಿ, ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಅದೇ ಆಸ್ಪತ್ರೆಗೆ ಹೋಗಬೇಕು. ಅಂತೆಯೇ ತುತ್ತು ಸಿಕ್ಕಿಕೊಂಡು ಉಗುಳೂ ಇಳಿಯದಿದ್ದರೆ ಬಾಳೆಹಣ್ಣು ನುಂಗಿಸಿ ತಳ್ಳುವ ಸಾಹಸ ಬೇಡ.

ಹಣದ ಬಗ್ಗೆ ಬರೆದು ಕೇಳಿದವರಿಗೆ: ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. ತಮಗೆ ಹೇಳಿರುವ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಿಕೊಳ್ಳಿರಿ. ಪಡಿತರ ಚೀಟಿ, ಆಧಾರ್, ಹಳೆಯ ವರದಿಗಳು, ನುಂಗುತ್ತಿರುವ ಗುಳಿಗೆಗಳ ಹಾಳೆಗಳು, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿರಿ. ಜೊತೆಗೆ, ರೋಗಿಯ ಊಟವನ್ನು ಹತ್ತಿರದಿಂದ ನೋಡಿದವರು ಯಾರೋ ಅವರನ್ನೇ ಕರೆದುಕೊಂಡು ಹೋಗಿರಿ.